ನಾಲ್ಕನೆಯ ಸಾಲು

ಶುಕ್ರವಾರ, ಐದನೆಯ ದಿನವೂ ಭಾಗ್ಯಾ ಶಾಲೆಗೆ ಬಂದಿದ್ದಳು. ಬಸವಂತ ಮಾಸ್ತರನಿಗೆ ಸಹಿಸಲಾಗದ್ದು ಅದೇ. ಜ್ವರವೆಂದೋ, ಹೊಲದ ಕೆಲಸವೆಂದೋ ಅವಳು ಒಂದು ದಿನ ತಪ್ಪಿಸಿದ್ದರೆ ಹಾಜರಿ ಪುಸ್ತಕದಲ್ಲಿ ಗೈರು ಬರೆದು ಅಷ್ಟು ಹೊತ್ತಾದರೂ ಅವನು ನೆಟ್ಟಗೆ ಉಸಿರಾಡುತ್ತಿದ್ದ. ಆದರೆ ಅವಳು ಬರುತ್ತಾಳೆ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಒಗೆದು ಒಗೆದು ಬಣ್ಣ ಹೋದ ಸಮವಸ್ತ್ರ, ಮೂರನೆಯ ಬೆಂಚಿನಲ್ಲಿ ಗೋಡೆ ಬದಿಯ ಜಾಗ. ಹೆಸರು ಕರೆದರೆ ಎಂದಿನ ದನಿಯಲ್ಲೇ ಹಾಜರ್ ಸರ ಅನ್ನುತ್ತಾಳೆ. ಆ ದನಿಯಲ್ಲಿ ಗುಲಗಂಜಿಯಷ್ಟು ಸಿಟ್ಟಿದ್ದರೂ ಅವನು ಬದುಕಿಕೊಳ್ಳುತ್ತಿದ್ದ. ಸಿಟ್ಟಿಗೆ ಉತ್ತರ ಕೊಡಬಹುದು, ಗದರಬಹುದು, ಬೇಕಾದರೆ ಸಮಾಧಾನ ಮಾಡಬಹುದು. ಇವಳು ಸುಮ್ಮನೆ ನೋಡುತ್ತಾಳೆ. ಮಂಗಳವಾರ ಅವಳ ಮೊಳಕೈ ಕೆಳಗೆ ಒಂದು ಬಾಸುಂಡೆ ಕಂಡಿತ್ತು. ಅವನು ಕಂಡೂ ಕಾಣದವನಂತೆ ಬೋರ್ಡಿನ ಕಡೆ ತಿರುಗಿ, ಆಗಲೇ ಸ್ವಚ್ಛವಾಗಿದ್ದ ಬೋರ್ಡನ್ನು ಇನ್ನೊಮ್ಮೆ ಒರೆಸಿದ್ದ.

ಬೋರ್ಡಿನ ಪಕ್ಕದ ಗೋಡೆಗೆ ಈ ಮೊಳೆಯಿಂದ ಆ ಮೊಳೆಗೆ ಒಂದು ನೈಲಾನ್ ಹಗ್ಗ. ಹಗ್ಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಣ್ಣಬಣ್ಣದ ಚೀಟಿಗಳು. ಇದೆಲ್ಲ ಅವನದೇ ಉಸಾಬರಿ. ಜುಗೂಳ ದಾಟಿದ ಮೇಲೆ ಬರುವ ಈ ಸಣ್ಣ ಊರಿನ ಹೈಸ್ಕೂಲಿಗೆ ಏಕಸಂಬಿಯಿಂದ ದಿನವೂ ಮೋಟಾರ್ ಸೈಕಲ್ ಮೇಲೆ ಬಂದು ಕನ್ನಡ ಕಲಿಸುವ ಅವನು, ಜೂನಿನಲ್ಲಿ ಒಂಬತ್ತನೆಯ ತರಗತಿಗೆ ಹಾಯ್ಕು ಹೇಳಿಕೊಟ್ಟಿದ್ದ. ಮೂರೇ ಸಾಲು. ಮೊದಲ ಸಾಲಿಗೆ ಐದು ಅಕ್ಷರ, ನಡುವಿನದಕ್ಕೆ ಏಳು, ಕೊನೆಯದಕ್ಕೆ ಮತ್ತೆ ಐದು. ದೇವರು, ದೇಶ, ತಾಯಿಯ ಮಮತೆ ಯಾವುದೂ ಬೇಡ. ಇವತ್ತು ನಿಮ್ಮ ಕಣ್ಣೆದುರು ನಡೆದ ಒಂದು ಗಳಿಗೆ ಸಾಕು. ಬರೆದವರ ಚೀಟಿ ಹಗ್ಗಕ್ಕೆ ಏರಿದ ಮೇಲೆ ಬೇರೆ ಯಾರಾದರೂ ಅದಕ್ಕೆ ಉತ್ತರವಾಗಿ ಮೂರು ಸಾಲು ಬರೆದು ಕೆಳಗೆ ತೂಗುಹಾಕಬೇಕು. ಅದಕ್ಕೆ ಮಕ್ಕಳೇ ಜೋಡಿ ಎಂದು ಹೆಸರಿಟ್ಟಿದ್ದರು. ಮೊದಮೊದಲು ನಕ್ಕವರು ಆಮೇಲೆ ಊಟದ ಹೊತ್ತಿನಲ್ಲೂ ಬೆರಳು ಮಡಚಿ ಅಕ್ಷರ ಎಣಿಸತೊಡಗಿದ್ದರು. ಒಬ್ಬ ಹುಡುಗ ಬರೆದ,

ಕಬ್ಬಿನ ಟ್ರ್ಯಾಕ್ಟರ್
ಹಿಂದೆ ಓಡುವ ನಾವು
ಒಂದು ಜಲ್ಲೆಗೆ

ಇನ್ನೊಬ್ಬ ಅದಕ್ಕೆ ಜೋಡಿ ಹಾಕಿದ,

ಡ್ರೈವರ ಮಾಮಾ
ಕನ್ನಡಿಯಾಗ ನೋಡಿ
ನಗಾಕತ್ತಾನ

ಅದನ್ನು ಓದಿದ ದಿನ ಬಸವಂತ ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ಕಣ್ಣು ಒರೆಸಿಕೊಂಡಿದ್ದ. ಇಪ್ಪತ್ತು ವರ್ಷ ಹಾಯ್ಕು ಬರೆದವನು ಅವನು. ತನ್ನದೇ ಖರ್ಚಿನಲ್ಲಿ ಒಂದು ಪುಸ್ತಕ ತಂದವನು. ಚಿಕ್ಕೋಡಿಯ ಕವಿಗೋಷ್ಠಿಯಲ್ಲಿ ಅವನ ಸರದಿ ಬಂದಾಗ ಊಟಕ್ಕೆ ಎಲೆ ಹಾಕಿದ್ದರು. ಸಂಘಟಕ ಮೈಕಿನ ಮೇಲೆ ಕೈಯಿಟ್ಟು, ಮೂರು ಸಾಲು ತಾನೇ ಮಾಸ್ತರ್ರ, ನಿಂತ ನಿಂತಲ್ಲೇ ಮುಗಸ್ರಿ ಎಂದಿದ್ದ. ಸಭೆ ನಕ್ಕಿತ್ತು. ಅವನೂ ನಕ್ಕಿದ್ದ. ಆ ನಗು ನೆನಪಾದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ. ತನ್ನ ಕೈಲಾಗದ್ದು ಈ ಮಕ್ಕಳ ಕೈಲಿ ಆಗುತ್ತಿದೆ, ಇದನ್ನು ನಾಲ್ಕು ಮಂದಿ ನೋಡಬೇಕು ಎಂಬ ಆಸೆ ಆವತ್ತೇ ಹುಟ್ಟಿತು. ಆಸೆಯೇನೋ ಒಳ್ಳೆಯದೇ, ಆದರೆ ಅದರಲ್ಲಿ ತನ್ನ ಪಾಲೆಷ್ಟು, ಮಕ್ಕಳ ಪಾಲೆಷ್ಟು ಎಂದು ಅವನು ಕೇಳಿಕೊಳ್ಳಲಿಲ್ಲ.

ಭಾಗ್ಯಾ ನೋಟುಬುಕ್ಕಿನ ಹಾಳೆ ಹರಿದು ಬರೆದುಕೊಂಡು ಬಂದದ್ದು ಹದಿನೈದು ದಿನದ ಹಿಂದೆ. ಊಟದ ಬಿಡುವು. ಅವನು ಡಬ್ಬಿಯಲ್ಲಿ ಉಳಿದ ರೊಟ್ಟಿಯ ತುಂಡನ್ನು ಬಾಯಿಗಿಟ್ಟುಕೊಂಡೇ ಓದಿದ.

ತಂಬಿಗೆ ನೀರು
ಹಾಲ ಕ್ಯಾನಿಗೆ ಬಿತ್ತು
ಬೆಳ್ಳಿಚಿಕ್ಕಿಯೂ
ಕ್ಯಾನ್ ತೊಳಿತಾಳ ನಮ್ಮವ್ವ

ಅಗಿಯುವುದನ್ನು ಅವನು ಮರೆತ. ನಸುಕಿನ ಅಂಗಳ, ಬಗ್ಗಿದ ಒಬ್ಬ ಹೆಂಗಸು, ತಂಬಿಗೆಯ ನೀರಿನಲ್ಲಿ ಮೂಡಣದ ಚಿಕ್ಕಿ, ಬೆಳಗಿನ ನಕ್ಷತ್ರ, ಅದು ನೀರಿನ ಜೊತೆಗೆ ಸುರಿದು ಕ್ಯಾನಿನ ಕತ್ತಲೆಗೆ ಬೀಳುವುದು. ಇಪ್ಪತ್ತು ವರ್ಷದಲ್ಲಿ ಅವನಿಗೆ ಒಮ್ಮೆಯೂ ಹೀಗೆ ದಕ್ಕಿರಲಿಲ್ಲ. ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ. ಕಿಸೆಯಿಂದ ಕೆಂಪು ಪೆನ್ನು ತೆಗೆದು ನಾಲ್ಕನೆಯ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದ. ಹಾಯ್ಕು ಅಂದರೆ ಮೂರೇ ಸಾಲು ಅಂತ ಎಷ್ಟು ಸಲ ಹೇಳಿದ್ದೇನೆ, ಬಿಡಿಸಿ ಹೇಳಿದರೆ ಸತ್ತುಹೋಗುತ್ತದೆ ಎಂದ. ಹುಡುಗಿ ಹೊಡೆದುಹಾಕಿದ ಸಾಲನ್ನೇ ನೋಡುತ್ತ ನಿಂತಳು. ಇದೊಂದು ಇರಲಿ ಬಿಡ್ರಿ ಸರ, ಅದ ಇಲ್ಲಂದ್ರ ಅವ್ವ ಏನ ಮಾಡಾಕತ್ತಾಳ ಅನ್ನೂದ ತಿಳಿಯೂದಿಲ್ಲ ಎಂದು ಮೆಲ್ಲಗೆ ಅಂದಳು. ಬಸವಂತ ನಕ್ಕುಬಿಟ್ಟ. ಇದು ಪಂಚನಾಮೆ ಅಲ್ಲವ್ವ, ಕವಿತೆ ಎಂದ. ಗುಲಾಬಿ ಬಣ್ಣದ ಕಾರ್ಡು ಕೊಟ್ಟು ಮೂರು ಸಾಲನ್ನೇ ದುಂಡಗೆ ಬರೆಸಿದ. ನೋಟುಬುಕ್ಕಿನ ಹಾಳೆಯಲ್ಲಿ ಡಬ್ಬಿಗೆ ಅಂಟಿದ ಚಟ್ನಿ ಒರೆಸಿ ಕಸದ ಬುಟ್ಟಿಗೆ ಎಸೆದ.

ಹೋದ ಶನಿವಾರ ಅದಕ್ಕೆ ಜೋಡಿ ಬಿತ್ತು. ಬರೆದವಳು ಉಜ್ವಲಾ, ಊರ ಹಾಲಿನ ಡೇರಿಯ ಸೆಕ್ರೆಟರಿ ಧರೆಪ್ಪನ ಮಗಳು, ಭಾಗ್ಯಾಳ ಪಕ್ಕದಲ್ಲೇ ಕೂರುವವಳು.

ಅಪ್ಪನ ಕೈಯ
ಡಿಗ್ರಿ ಕಡ್ಡಿಗೆ ಸಿಕ್ಕ
ಕಳ್ಳಚಿಕ್ಕಿಯೇ

ಹಾಲಿಗೆ ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವ ಗಾಜಿನ ಕಡ್ಡಿಗೆ ಚಿಕ್ಕಿ ಸಿಕ್ಕಿಬೀಳುವುದು! ತರಗತಿಯೆಲ್ಲ ಹೋ ಎಂದು ನಕ್ಕಿತು. ಭಾಗ್ಯಾ ಕೂಡ ನಕ್ಕಳು, ಅದು ಅವನಿಗೆ ಚೆನ್ನಾಗಿ ನೆನಪಿದೆ. ಎಳೆಯರ ಆಟ ಅದು, ಅದರಲ್ಲಿ ವಿಷವಿರಲಿಲ್ಲ. ವಿಷವಾದದ್ದು ಸೋಮವಾರ, ಅವನು ಎರಡೂ ಚೀಟಿಗಳನ್ನು ಒಟ್ಟಿಗೆ ಹಿಡಿದು ಫೋಟೋ ತೆಗೆದು, ಕೆಳಗೆ ಮಕ್ಕಳ ಹೆಸರು ಬರೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ. ಊರು ಅದನ್ನು ಚಿಕ್ಕಿಗಾಗಿ ಓದಲಿಲ್ಲ. ಊರು ಓದಿದ್ದು ಒಂದೇ ಮಾತು: ಭೀಮಸಿಯ ಹೆಂಡತಿ ಕೆಂಪವ್ವ ಹಾಲಿಗೆ ನೀರು ಹಾಕುತ್ತಾಳೆ, ಹೆತ್ತ ಮಗಳೇ ಬರೆದಾಳ. ಕಬ್ಬಿನ ಹಸಿ ಸೋಗೆ ತಿನ್ನುವ ಈ ದಿನಗಳಲ್ಲಿ ಯಾರ ಎಮ್ಮೆಯ ಹಾಲೂ ತೆಳುವೇ, ಡಿಗ್ರಿ ಇಳಿದದ್ದನ್ನು ಧರೆಪ್ಪನೂ ಕಂಡೂ ಕಾಣದಂತೆ ಬಿಡುತ್ತಿದ್ದ. ಆದರೆ ಸೋಮವಾರ ಸಂಜೆ ಕೆಂಪವ್ವನ ಪಾಳಿ ಬಂದಾಗ ಅವನು ಕ್ಯಾನಿನ ಮುಚ್ಚಳವನ್ನೇ ತೆಗೆಸಲಿಲ್ಲವಂತೆ. ನಾಳೆ ಸಂಘದವರು ಕೇಳಿದರೆ ನಾನು ಯಾರ ಮುಖ ನೋಡಲಿ ಎಂದನಂತೆ. ಕ್ಯಾನು ತೊಳೀತಿದ್ದೆ ಎಂದು ಕೆಂಪವ್ವ ಎಷ್ಟು ಬಡಬಡಿಸಿದರೂ ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿ ಸೆರಗಿನಲ್ಲಿ ನಕ್ಕರಂತೆ. ಇದೆಲ್ಲ ಬಸವಂತನಿಗೆ ತಿಳಿದದ್ದು ಮಂಗಳವಾರ, ಸಿಪಾಯಿಯ ಬಾಯಿಂದ, ಚಹಾ ಕುಡಿಯುವಾಗ. ಛೇ, ಹಿಂಗಾಗಬಾರದಿತ್ತು ಎಂದ. ಯಾರೋ ಬೇರೆಯವರ ಮನೆಯ ಸುದ್ದಿಗೆ ಹೇಳುವ ಹಾಗೆ ಹೇಳಿದ.

ಒಂದು ಮಾತು ಸಾಕಿತ್ತು. ಅದೇ ಗುಂಪಿನಲ್ಲಿ, ಹುಡುಗಿ ನಾಲ್ಕು ಸಾಲು ಬರೆದಿದ್ದಳು, ಕೊನೆಯದನ್ನು ನಾನು ಹೊಡೆದುಹಾಕಿದೆ, ಅದರಲ್ಲಿ ಇಂಥಾದ್ದಿತ್ತು ಎಂದು ಹಾಕಿದ್ದರೆ ಮುಗಿಯುತ್ತಿತ್ತು. ಮಂಗಳವಾರ ರಾತ್ರಿ ಊಟಕ್ಕೆ ಮುಂಚೆ ಅವನು ಅಷ್ಟನ್ನೂ ಟೈಪು ಮಾಡಿ, ಒಮ್ಮೆ ಓದಿ, ಅಳಿಸಿದ. ಮೇಜಿನ ಮೇಲೆ ನಿಪ್ಪಾಣಿಯ ಪ್ರೆಸ್ಸಿನಿಂದ ಬಂದ ಪ್ರೂಫ್ ಇತ್ತು. ಮಕ್ಕಳ ಹಾಯ್ಕುಗಳ ಪುಸ್ತಕ. ಮೊದಲ ಪುಟದಲ್ಲೇ ಭಾಗ್ಯಾಳ ಮೂರು ಸಾಲು. ಅದಕ್ಕೂ ಮುಂಚೆ ಅವನ ಮುನ್ನುಡಿ. ಅದರಲ್ಲಿ ಅವನು ಎದೆಯುಬ್ಬಿಸಿ ಬರೆದಿದ್ದ: ಈ ಮಕ್ಕಳ ಒಂದಕ್ಷರವನ್ನೂ ನಾನು ಮುಟ್ಟಿಲ್ಲ. ಬರೆಯುವಾಗ ಅದು ಸುಳ್ಳೆಂದು ಅವನಿಗೆ ಅನ್ನಿಸಿರಲಿಲ್ಲ, ಆಣೆ ಮಾಡಿ ಹೇಳಬಲ್ಲ. ಅಕ್ಷರ ಸೇರಿಸಿದ್ದರೆ ತಾನೇ ಮುಟ್ಟಿದ್ದು, ತೆಗೆದರೆ ಎಲ್ಲಿ ಮುಟ್ಟಿದ ಹಾಗಾಯಿತು? ಚಿಕ್ಕೋಡಿಯವರು ಈ ಪುಸ್ತಕ ಹಿಡಿದುಕೊಂಡು, ಮಕ್ಕಳದ್ದೆಂದು ಮಾಸ್ತರನೇ ತಿದ್ದಿ ತೀಡಿದ್ದಾನೆ ಎಂದು ನಗುವುದು ಕಣ್ಣಿಗೆ ಕಟ್ಟಿತು. ಎರಡು ದಿನ ಹೋದರೆ ಊರು ತಾನಾಗಿ ಮರೆಯುತ್ತದೆ ಎಂದುಕೊಂಡು ಅವನು ಕೈತೊಳೆಯಲು ಎದ್ದ.

ಶುಕ್ರವಾರದ ಮೂರನೆಯ ಪಿರಿಯಡ್ಡಿಗೆ ಅವನು ಮತ್ತೆ ಹಾಯ್ಕು ಬರೆಸಿದ. ಬೇಡವಾಗಿತ್ತು, ಆದರೆ ಬಿಟ್ಟರೆ ಬಿಟ್ಟದ್ದು ಎದ್ದು ಕಾಣುತ್ತದೆ ಎಂಬ ಅಂಜಿಕೆ. ಇವತ್ತು ಬೆಳಿಗ್ಗೆ ನೀವು ನೋಡಿದ ಒಂದು ಗಳಿಗೆ ಎಂದು ಬೋರ್ಡಿನ ಮೇಲೆ ಬರೆದ. ತಲೆಗಳು ಬಗ್ಗಿದವು. ಆದರೆ ಎಂದಿನ ಗುಜುಗುಜು ಇರಲಿಲ್ಲ. ಬರೆದು ತಂದ ಚೀಟಿಗಳನ್ನು ನೋಡುತ್ತ ಹೋದಂತೆ ಅವನಿಗೆ ಅರ್ಥವಾಯಿತು. ಯಾವ ಮಗುವೂ ತನ್ನ ಮನೆಯನ್ನು ಬರೆದಿರಲಿಲ್ಲ. ಹಿಂದಿನ ವಾರದವರೆಗೆ ಅಜ್ಜನ ಗೊರಕೆ, ಅವ್ವನ ಚಪ್ಪಲಿಯ ಹರಿದ ಬಾರು, ಅಕ್ಕ ಕದ್ದು ಹಚ್ಚಿಕೊಂಡ ಲಿಪ್‌ಸ್ಟಿಕ್ ಎಲ್ಲ ಈ ಹಗ್ಗದ ಮೇಲೆ ತೂಗುತ್ತಿದ್ದವು. ಇವತ್ತು ಕಾಗೆ, ಗಿಡ, ಸೂರ್ಯ, ಧ್ವಜ. ಭಾಗ್ಯಾ ಎಲ್ಲರಿಗಿಂತ ಕೊನೆಗೆ ಬಂದು ಎರಡೂ ಕೈಯಿಂದ ಚೀಟಿ ಕೊಟ್ಟಳು.

ಶಾಲೆಯ ಗಂಟೆ
ಹತ್ತು ಗಂಟೆಗೆ ಸರಿ
ಬಾರಿಸುತ್ತದೆ

ಅವನು ಬೆರಳು ಮಡಚದೆಯೇ ಎಣಿಸಿದ. ಐದು, ಏಳು, ಐದು. ಎಲ್ಲಿಯೂ ತಪ್ಪಿಲ್ಲ, ಎಲ್ಲಿಯೂ ಜೀವವಿಲ್ಲ. ಛಲೋ ಐತಿ ಎಂದ. ಅವಳು ತಲೆಯಾಡಿಸಿ ಹೋಗಿ ಕೂತಳು. ನಲವತ್ತೆಂಟು ವರ್ಷದ ಗಂಡಸು, ಮಕ್ಕಳೆದುರು ನಿಂತು ಚೀಟಿಗಳನ್ನು ಒಟ್ಟುಮಾಡುವ ನೆಪದಲ್ಲಿ ಎಷ್ಟೋ ಹೊತ್ತು ಮೇಜಿನ ಮೇಲೆಯೇ ಕಣ್ಣಿಟ್ಟ.

ನೀರು ಕುಡಿಯುವ ಬಿಡುವಿನಲ್ಲಿ ಉಜ್ವಲಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ತನ್ನ ಜೋಡಿಯನ್ನು ಹಗ್ಗದಿಂದ ತೆಗೆದುಬಿಡಿ ಎಂದು ಕೇಳಿದಳು. ಯಾಕವ್ವ ಎಂದರೆ ಅಳು ಒತ್ತರಿಸಿ ಬಂತು. ಭಾಗ್ಯಾ ತನ್ನ ಜೊತೆ ಜಗಳವಾಡಿಲ್ಲ, ಮಾತೂ ಬಿಟ್ಟಿಲ್ಲ, ಆದರೆ ಡಬ್ಬಿ ಬಿಚ್ಚಿದಾಗ ಮೊದಲಿನ ಹಾಗೆ ತನ್ನ ಪಲ್ಯಕ್ಕೆ ಕೈ ಹಾಕುವುದಿಲ್ಲ ಎಂದಳು. ಕೆಂಪವ್ವ ದಿನಾ ಸಂಜೆ ಡೇರಿಗೆ ಬರುತ್ತಾಳೆ, ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲುತ್ತಾಳೆ, ತನ್ನ ಪಾಳಿ ಬಂದಾಗ ಮುಚ್ಚಳ ತೆಗೆದು ತೋರಿಸುತ್ತಾಳೆ, ಪಪ್ಪಾ ಬೇಡ ಎಂದ ಮೇಲೆ ಮುಚ್ಚಿ ಎತ್ತಿಕೊಂಡು ಹೋಗುತ್ತಾಳೆ, ಬೈಯುವುದೂ ಇಲ್ಲ ಎಂದಳು. ಆಮೇಲೆ ಮೂಗು ಒರೆಸಿಕೊಂಡು, ಹೇಳಬೇಕೋ ಬೇಡವೋ ಎಂಬಂತೆ, ಇನ್ನೊಂದು ಮಾತು ಹೇಳಿದಳು.

"ಸೋಮವಾರ ನಮ್ಮ ಪಪ್ಪಾ ಭಾಗ್ಯಾನ ಕೇಳಿದ್ರು ಸರ. ಇದ ನೀನ ಬರದಿದ್ದೋ, ಸರ ಏನರ ತಿದ್ಯಾರೋ ಅಂತ. ಆಕಿ, ಸರ ಏನೂ ಮಾಡಿಲ್ರಿ, ನಾನ ಬರದೀನಿ ಅಂದ್ಳು. ಅಲ್ಲೇ ಅವರವ್ವ ಹೊಡದ್ಳು."

ಹುಡುಗಿ ಹೋದ ಮೇಲೂ ಬಸವಂತ ಬಾಗಿಲನ್ನೇ ನೋಡುತ್ತ ಕೂತ. ಇಷ್ಟು ದಿನ ಅವನು ಅವಳ ಮೌನಕ್ಕೆ ತನಗೆ ಅನುಕೂಲವಾದ ಹೆಸರು ಕೊಟ್ಟುಕೊಂಡಿದ್ದ. ಮರೆತಿದ್ದಾಳೆ, ಅಂಜಿದ್ದಾಳೆ, ತಿಳಿವಳಿಕೆ ಸಾಲದು. ಕೇಳಿದವರಿಗೆ ಹೇಳುವ ಅವಕಾಶ ಅವಳಿಗೆ ಸಿಕ್ಕಿತ್ತು, ಸಿಕ್ಕಾಗ ಅವಳು ತನ್ನ ಅವ್ವನನ್ನು ಬಿಟ್ಟು ಅವನನ್ನು ಉಳಿಸಿದ್ದಳು ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಯಾಕೆ? ಮಾಸ್ತರರ ಹೆಸರನ್ನು ಹಾಲಿನ ಸಾಲಿಗೆ ಎಳೆಯಬಾರದೆಂದು ಈ ಊರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದಕ್ಕೇ. ಫೋನು ರಿಂಗಾಯಿತು. ನಿಪ್ಪಾಣಿಯ ಪ್ರೆಸ್ಸಿನವನು. ಪ್ರೂಫ್ ನೋಡಿದ್ರೇನ್ರಿ ಸರ, ಮಷಿನ್ ಖಾಲಿ ಐತಿ, ಇವತ್ತ ಹಚ್ಚತೀನಿ ಎಂದ. ಬಸವಂತ ಬ್ಯಾಡ ಎಂದ. ಏನು ತಪ್ಪಾಗಿದೆ ಎಂದು ಅವನು ಕೇಳಿದ. ಎಲ್ಲಾ ತಪ್ಪೈತಿ, ನಾ ಹೇಳೂತನಕ ಹಚ್ಚಬ್ಯಾಡ ಎಂದು ಫೋನು ಇಟ್ಟುಬಿಟ್ಟ.

ಶಾಲೆ ಬಿಟ್ಟ ಮೇಲೆ ಮೋಟಾರ್ ಸೈಕಲ್ಲನ್ನು ಏಕಸಂಬಿಯ ಕಡೆ ತಿರುಗಿಸದೆ ಊರೊಳಕ್ಕೆ ಬಿಟ್ಟ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಬಂದು ಓಣಿಯ ತುಂಬ ನಿಂತಿತ್ತು. ಅದು ಸರಿಯುವವರೆಗೆ ಕಾಯಬೇಕಾಯಿತು. ತಿರುಗಿ ಹೋಗಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಹೋಗಿ ಏನು ಹೇಳುವುದು? ಮೊದಲು ಧರೆಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರೆ ಹೇಗೆ, ಅವನು ತಿಳಿವಳಿಕೆಯ ಮನುಷ್ಯ. ಇಲ್ಲ, ಪಕ್ಕಕ್ಕೆ ಕರೆದು ಹೇಳಿದ್ದು ಪಕ್ಕದಲ್ಲೇ ಉಳಿಯುತ್ತದೆ. ಆ ಹೆಂಗಸು ಸಾಲಿನಲ್ಲಿ ಮರ್ಯಾದೆ ಕಳೆದುಕೊಂಡಿದ್ದಾಳೆ. ತಪ್ಪು ನನ್ನದು ಎಂದು ಶುರುಮಾಡಬೇಕು ಅಂದುಕೊಂಡ. ತಪ್ಪು ನನ್ನದು. ಹ್ಯಾಂಡಲ್ ಮೇಲಿದ್ದ ಅವನ ಬೆರಳುಗಳು ತಮ್ಮಷ್ಟಕ್ಕೆ ಮಡಚಿಕೊಂಡವು: ಐದು ಅಕ್ಷರ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಟ್ರ್ಯಾಕ್ಟರ್ ಸರಿಯಿತು.

ಡೇರಿಯ ಕಟ್ಟೆಯ ಮುಂದೆ ಹದಿನೈದಿಪ್ಪತ್ತು ಮಂದಿಯ ಸಾಲು. ಹೆಂಗಸರೇ ಹೆಚ್ಚು. ಕೆಲವರ ಕೈಯಲ್ಲಿ ಸ್ಟೀಲಿನ ಕ್ಯಾನು, ಕೆಲವರ ತಲೆಯ ಮೇಲೆ. ಒಳಗೆ ಮೇಜಿನ ಹಿಂದೆ ಬಿಳಿ ಟೋಪಿಯ ಧರೆಪ್ಪ, ಪಕ್ಕದಲ್ಲಿ ಹಾಲು ತೂಗುವ ಯಂತ್ರ. ಸಾಲಿನ ನಡುವೆ ಕೆಂಪವ್ವ ಇದ್ದಳು. ಬಸವಂತ ಅವಳನ್ನು ಪಾಲಕರ ಸಭೆಯಲ್ಲಿ ಎರಡು ಸಲ ನೋಡಿದ್ದ, ಆಗ ಅವಳು ನೆಲದ ಮೇಲೆ ಕೂರಲು ಹೋಗಿದ್ದಳು, ಅವನೇ ಕುರ್ಚಿ ತೋರಿಸಿದ್ದ. ಅವಳ ಹಿಂದೆ ಸಮವಸ್ತ್ರವನ್ನೂ ಬಿಚ್ಚದ ಭಾಗ್ಯಾ. ಆ ಇಬ್ಬರ ಹಿಂದೆ ಮುಂದೆ ಒಂದೊಂದು ಮೊಳ ಜಾಗ ಬಿಟ್ಟು ಉಳಿದವರು ನಿಂತಿದ್ದರು. ಮಾಸ್ತರನನ್ನು ಕಂಡು ಸಾಲೆಲ್ಲ ಮೈ ಹಿಡಿಮಾಡಿಕೊಂಡು ದಾರಿ ಬಿಟ್ಟಿತು. ಬರ್ರಿ ಸರ, ಹಾಲ ಬೇಕಾಗಿತ್ತೇನ್ರಿ ಎಂದು ಧರೆಪ್ಪ ಎದ್ದು ಕುರ್ಚಿ ಸರಿಸಿದ. ಬಸವಂತ ಕೂರಲಿಲ್ಲ. ಅಂದುಕೊಂಡ ಯಾವ ಮಾತೂ ಬರಲಿಲ್ಲ.

"ಧರೆಪ್ಪಣ್ಣ, ಕೆಂಪವ್ವನ ಹಾಲ ತಗೋರಿ," ಎಂದ. "ಆ ಹುಡುಗಿ ಬರದದ್ದ ನಾಕ ಸಾಲು. ಒಂದ ಸಾಲು ನಾ ಹೊಡದ ಹಾಕೀನಿ. ಅದ ಇದ್ದಿದ್ರ ಇಷ್ಟೆಲ್ಲಾ ಆಗತಿದ್ದಿಲ್ಲ. ಮಂಗಳವಾರದಿಂದ ನನಗ ಗೊತ್ತಿತ್ತು. ಹೇಳಲಿಲ್ಲ."

ಸಾಲಿನಲ್ಲಿ ಯಾರೋ ಕ್ಯಾನು ಕೆಳಗಿಟ್ಟ ಸದ್ದಾಯಿತು. ಧರೆಪ್ಪ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ನಗುತ್ತ ಮಾಸ್ತರನ ತೋಳು ಹಿಡಿದ. ನಿಮ್ಮದು ದೊಡ್ಡ ಮನಸ್ಸು ಸರ, ಬಡವರ ಮೇಲೆ ಕರುಣೆಯಿಂದ ಇಷ್ಟು ದೂರ ಬಂದಿರಿ, ನನಗೆ ತಿಳಿಯುವುದಿಲ್ಲವೇ ಎಂದ. ಆದರೆ ಹುಡುಗಿಯನ್ನು ತಾನೇ ಇದೇ ಕಟ್ಟೆಯ ಮೇಲೆ ನಿಲ್ಲಿಸಿ ಕೇಳಿದ್ದೇನೆ, ಸರ ಏನೂ ಮಾಡಿಲ್ಲ ಎಂದಳು, ಇಷ್ಟು ಮಂದಿ ಸಾಕ್ಷಿ ಇದ್ದಾರೆ ಎಂದ. ಹೌದ್ರಿ, ಅಂದ್ಳು ಎಂದು ಎರಡು ಮೂರು ದನಿ ಬಂದವು. ಬಸವಂತ ಕೈ ಬಿಡಿಸಿಕೊಂಡ. ಬರೆದ ಹಾಳೆ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಚಟ್ನಿ ಒರೆಸಿ ಎಸೆದೆ ಎನ್ನಲೇ? ಅವನು ಭಾಗ್ಯಾಳ ಕಡೆ ತಿರುಗಿದ. ಹೇಳವ್ವ, ನಾ ಹೊಡದ ಹಾಕಿದ್ನೋ ಇಲ್ಲೋ, ಅಂಜಬ್ಯಾಡ ಎಂದ. ಅವಳು ಅವನ ಪಾದಗಳನ್ನು ನೋಡುತ್ತ ನಿಂತಳು. ತುಟಿಗಳು ಬಿಗಿದಿದ್ದವು. ಇಷ್ಟು ಮಂದಿಯೆದುರು ಹೌದು ಎನ್ನುವುದು ಅವಳಿಂದ ಆಗುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ನೋಡ್ರಿ ಮತ್ತ ಎಂದ ಧರೆಪ್ಪ. ಬೇಸರದಿಂದಲೇ ಅಂದ, ಅವನೇನು ಕೆಟ್ಟವನಲ್ಲ.

ಕೆಂಪವ್ವ ಕ್ಯಾನನ್ನು ನೆಲಕ್ಕಿಳಿಸಿ ಎರಡು ಹೆಜ್ಜೆ ಮುಂದೆ ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಆ ನಾಕನೇದ್ರಾಗ ಏನಿತ್ರಿ ಸರ?"

ಕವಿತೆಯಂತೆ ಹೇಳಲು ಅವನಿಗೆ ಸಾಧ್ಯವಾಗಲಿಲ್ಲ. "ಕ್ಯಾನ್ ತೊಳಿತಾಳ ನಮ್ಮವ್ವ ಅಂತಿತ್ತವ್ವ," ಎಂದ.

ಕೆಂಪವ್ವನಿಗೆ ಅದು ಒಳಗಿಳಿಯಲು ಹೊತ್ತು ಹಿಡಿಯಿತು. ಅವಳೇ ದಿನವೂ ಮಾಡುವ ಕೆಲಸ ಅದು. ಈ ಕಟ್ಟೆಯ ಮೇಲೆ ಅವಳೇ ಬಾಯಿ ನೋಯುವಷ್ಟು ಹೇಳಿದ ಮಾತು ಅದು. ತನ್ನ ಹೊಟ್ಟೆಯ ಮಗಳು ತನ್ನನ್ನು ಕಳ್ಳಿ ಮಾಡಿದಳೆಂದು ಐದು ದಿನ ನಂಬಿದ್ದವಳು, ಈಗ ಆ ಮಗಳ ಕಡೆ ತಿರುಗಿ, ಗಲ್ಲ ಹಿಡಿದು ಮುಖ ಎತ್ತಿದಳು. ಇದನ್ನ ಬರದಿದ್ದೇನ ನೀ ಎಂದು ಕೇಳಿದಳು. ಭಾಗ್ಯಾ ಅವ್ವನ ಕಣ್ಣು ತಪ್ಪಿಸಲು ನೋಡಿದಳು, ಆಗಲಿಲ್ಲ. ತಲೆಯಾಡಿಸಿದಳು. ಧರೆಪ್ಪ ಮೇಜು ಸುತ್ತಿ ಬಂದು ಕೆಂಪವ್ವನ ಕ್ಯಾನನ್ನು ತಾನೇ ಎತ್ತಿ ಒಳಗೆ ಒಯ್ದ. ಅವಳು ಆ ಕಡೆ ನೋಡಲೂ ಇಲ್ಲ.

"ಅಷ್ಟ ಹೊಡದ್ನಲ್ಲ ನಿನ್ನ," ಎಂದಳು ಮಗಳಿಗೆ. "ಒಂದ ಮಾತು ಹೇಳಬಾರದಾಗಿತ್ತೇನ?"

ಭಾಗ್ಯಾಳ ಕಣ್ಣಿನಿಂದ ನೀರು ಇಳಿಯತೊಡಗಿತು. ದನಿ ಮಾತ್ರ ತರಗತಿಯಲ್ಲಿ ಹೆಸರು ಕರೆದಾಗ ಬರುವ ದನಿಯೇ.

"ಸರ ಹೇಳತಾರಂತ ತಿಳದಿದ್ನಿ ಬೇ. ಇವತ್ತ ಹೇಳತಾರ, ನಾಳಿ ಹೇಳತಾರ ಅಂತ ದಾರಿ ನೋಡಿದ್ನಿ."

ಅವಳು ಅದನ್ನು ಅವ್ವನಿಗಷ್ಟೇ ಹೇಳಿದ್ದಳು, ಮೆಲ್ಲಗೆ. ಬಸವಂತ ಮೂರು ಹೆಜ್ಜೆ ಈಚೆಗೆ ನಿಂತಿದ್ದ, ಅವನಿಗೂ ಕೇಳಿಸಿತು.